ಮಾತಾಡದೆ ಕಿತ್ತ ಸೊಪ್ಪು

ಭತ್ತದ ಗದ್ದೆಗೆ ನೀರು ತಿರುಗಿಸಲು ಹೋದ ಸುಂಕಣ್ಣ, ಬದುವಿನ ಆ ತುದಿಯಲ್ಲಿ ನಾಟಿ ಮದ್ದು ಕೊಡುವ ಮುದುಕಿ ಉಚ್ಚಂಗೆಮ್ಮ ಬಗ್ಗಿ ಕೂತಿರುವುದನ್ನು ಕಂಡ ಕೂಡಲೇ, ಹಚ್ಚೊಳ್ಳಿಯಲ್ಲಿ ಯಾರೇ ಆದರೂ ಮಾಡುವಂತೆ ಮುಖ ಆ ಕಡೆ ತಿರುಗಿಸಿ ನಿಂತ. ಐತವಾರ. ಇನ್ನೂ ಹೊತ್ತು ಮೂಡಿರಲಿಲ್ಲ. ಕಾಮಾಲೆಗೆ ಸೊಪ್ಪು ಕೀಳುವಾಗ ಮುದುಕಿಯನ್ನು ನೋಡಬಾರದು, ಮಾತಾಡಿಸಬಾರದು. ರೋಗಿ ಮದ್ದು ಕುಡಿಯುವತನಕ ಅವಳೂ ಬಾಯಿ ಬಿಡುವುದಿಲ್ಲ, ರೋಗಿಯ ಕಡೆಯವರೂ ಬಿಡುವಂತಿಲ್ಲ. ನಡುವೆ ಯಾರಾದರೂ ಒಂದು ಮಾತಾಡಿದರೆ ಮದ್ದಿನ ಗುಣ ಹೋಯಿತು, ಅದರ ಹಿಂದೆ ರೋಗಿಯೂ ಹೋದಂತೆಯೇ. ಆ ಸೊಪ್ಪು ನೆಲನೆಲ್ಲಿ ಎಂಬುದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವರಂತೆ ಇರುವುದೂ ಪದ್ಧತಿಯೇ.

ಇವತ್ತಿನ ರೋಗಿ ಸುಂಕಣ್ಣನ ಮಗಳೇ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತಿದ್ದ ಅರುಣಾ ಕಣ್ಣು, ಉಗುರೆಲ್ಲ ಹಳದಿ ಮಾಡಿಕೊಂಡು ಊರಿಗೆ ಬಂದಿದ್ದಳು. ಬಳ್ಳಾರಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದ್ದರು: "ಇದು ವೈರಸ್ಸು. ಇದನ್ನ ಕೊಲ್ಲೋ ಗುಳಿಗಿ ನನ್ನ ಹತ್ರ ಇಲ್ಲ, ವಿಶ್ರಾಂತಿನಾ ಔಷಧ. ನೀವು ಸೊಪ್ಪು ಕುಡಿಸ್ತೀರಿ ಅಂತ ಗೊತ್ತೈತಿ. ಅದರಾಗ ವೈರಸ್ ತಡಿಯೋ ಅಂಶ ಐತೇನು ಅಂತ ಇನ್ನೂ ಪರೀಕ್ಷೆ ನಡದಾವು. ಆದ್ರ ನೋಡ್ರಿ, ಈಗ ಅಕಿ ಲಿವರ್ ಬಾತೈತಿ. ಚೂರು ವಿಷ ಬಿದ್ರೂ ತಡಕೊಳ್ಳಂಗಿಲ್ಲ." ಸುಂಕಣ್ಣ ಸೊಪ್ಪಿನ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡು ಊರಿಗೆ ಮರಳಲು ಸಿರುಗುಪ್ಪದ ಬಸ್ಸು ಹತ್ತಿದ್ದ.

ಮುಖ ತಿರುಗಿಸಿ ನಿಂತವನ ಮೂಗಿಗೆ ವಾಸನೆ ಬಡಿಯಿತು. ಕಳೆ ಸಾಯಿಸುವ ಎಣ್ಣೆಯ ವಾಸನೆ. ನಿನ್ನೆ ಸಂಜೆ ಪಂಪು ಬೆನ್ನಿಗೇರಿಸಿಕೊಂಡು ಈ ಬದುವಿಗೆ ಅದನ್ನು ಹೊಡೆದವನು ತಾನೇ. ಹೊಡೆದ ಮರುದಿನ ಹುಲ್ಲು ಬಾಡುವುದಿಲ್ಲ, ಇಬ್ಬನಿ ಹೊತ್ತು ಹಸಿರಾಗಿಯೇ ನಗುತ್ತಿರುತ್ತದೆ. ಮುದುಕಿ ಸೊಪ್ಪಿಗೆ ಈ ಬದುವಿಗೇ ಬಂದಾಳೆಂದು ಆಗ ಹೊಳೆದಿರಲಿಲ್ಲ.

ಕೂಗಲು ಬಾಯಿ ತೆರೆದ, ಮುಚ್ಚಿದ. ಕೂಗಿದರೆ ಮದ್ದು ಕೆಡುತ್ತದೆ. ನಾಳೆ ಮಗಳಿಗೆ ಏನಾದರೂ ಆದರೆ ಅಪ್ಪನ ನಾಲಿಗೆಯೇ ಕೊಂದಿತೆಂದು ಊರು ಆಡಿಕೊಳ್ಳುತ್ತದೆ. ಊರು ಹಾಳಾಗಲಿ, ಅವನ ಮನಸ್ಸೇ ಅನ್ನುತ್ತದೆ. ಕೂಗದಿದ್ದರೆ ಹೊಟ್ಟೆಗೆ ವಿಷ. ಅತ್ತ ದರಿ, ಇತ್ತ ಪುಲಿ. ಎರಡು ಸಲ ಜೋರಾಗಿ ಕೆಮ್ಮಿದ. ಕೆಮ್ಮು ಮಾತಲ್ಲವಲ್ಲ! ಮುದುಕಿ ತಿರುಗಿ ಕೂಡ ನೋಡಲಿಲ್ಲ. ಮಡಿಲು ತುಂಬ ಸೊಪ್ಪು ಕಟ್ಟಿಕೊಂಡು ಊರ ಕಡೆ ಹೆಜ್ಜೆ ಹಾಕಿದಳು.

ಅವನು ಓಡಿ ಹೋಗಿ ಎದುರಿಗೆ ನಿಂತ. ಬೆನ್ನು ತೋರಿಸಿದ, ಪಂಪು ಒತ್ತುವಂತೆ ಕೈ ಆಡಿಸಿದ, ಕುತ್ತಿಗೆ ಹಿಡಿದುಕೊಂಡು ನಾಲಿಗೆ ಚಾಚಿದ. ಬೆಳಗಾಗುವ ಮೊದಲೇ ಕುಡಿದು ಬಂದಿದ್ದಾನೆ ಎಂದುಕೊಂಡಳೋ ಏನೋ, ಉಚ್ಚಂಗೆಮ್ಮ ಸೆರಗು ಮುಖದ ಮೇಲೆಳೆದುಕೊಂಡು ಅವನನ್ನು ಬಳಸಿ ನಡೆದಳು. ಮನೆಗೆ ಹೋಗಿ ತೊಳೆಯಬಹುದು ಎಂದು ಅವನು ತನಗೇ ಧೈರ್ಯ ಹೇಳಿಕೊಂಡ. ಮರುಗಳಿಗೆಯೇ ನೆನಪಾಯಿತು, ಆ ಸೊಪ್ಪಿಗೆ ನೀರು ಸೋಕಿಸುವುದಿಲ್ಲ. ಇಬ್ಬನಿ ಸಮೇತ ಅರೆಯಬೇಕು.

ಮುದುಕಿಯ ಮನೆಯ ಪಡಸಾಲೆಯಲ್ಲಿ ಅರುಣಾ ಖಾಲಿ ಹೊಟ್ಟೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಸುಂಕಣ್ಣನ ಹೆಂಡತಿ. ಕಲ್ಲಿನ ಮೇಲೆ ಸೊಪ್ಪು ನುಣ್ಣಗಾಯಿತು, ಮಜ್ಜಿಗೆಯಲ್ಲಿ ಕದಡಿ ಲೋಟಕ್ಕೆ ಬಂತು. ಬಾಯಿ ಬಿಡದೆಯೇ ಕಸಿದು ಚೆಲ್ಲಿಬಿಡೋಣವೆಂದು ಸುಂಕಣ್ಣ ಮುಂದೆ ನುಗ್ಗಿದ. ಹೆಂಡತಿ ಅಂಗಿ ಹಿಡಿದು ಜಗ್ಗಿ, ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದಳು. ಅರುಣಾ ಕಣ್ಣು ಮುಚ್ಚಿ ಲೋಟ ಎತ್ತಿದಳು.

"ಕುಡೀಬ್ಯಾಡಲೇ ಅರುಣಾ!"

ಹೆಂಡತಿ ಹಣೆ ಹಣೆ ಬಡಿದುಕೊಂಡಳು. ಸುಂಕಣ್ಣ ಲೋಟ ಕಿತ್ತು ಅಂಗಳಕ್ಕೆ ಎಸೆದ, ಹಸಿರಾಗಿದ್ದ ಮಗಳ ತುಟಿಯನ್ನು ಟವೆಲಿನಿಂದ ತಿಕ್ಕಿ ತಿಕ್ಕಿ ಒರೆಸಿದ. "ಉಗುಳು, ಉಗುಳವ್ವಾ" ಎನ್ನುವಾಗ ಅವನಿಗೆ ಅಳುವೇ ಬಂದುಬಿಟ್ಟಿತು.

"ಒಳಗ ಹೋಗಿಲ್ಲಪ್ಪಾ, ತುಟಿಗಷ್ಟಾ ತಾಗೈತಿ" ಎಂದಳು ಅರುಣಾ, ಗಾಬರಿಯಿಂದ.

ಉಚ್ಚಂಗೆಮ್ಮನ ಸಿಟ್ಟು ನೆತ್ತಿಗೇರಿತು. "ಮಾತಾಡಿಬಿಟ್ಟೆಲ್ಲೋ ಸುಂಕಾ! ಹೆತ್ತ ಮಗಳ ಬಾಯಾಗ ಮಣ್ಣು ಹಾಕಿದೆಲ್ಲೋ!"

"ಬದುವಿಗೆ ನಿನ್ನಿ ಸಂಜಿಕ ಕಳಿ ಎಣ್ಣಿ ಹೊಡದೀನಿ ಯಮ್ಮಾ. ನೀ ಕಿತ್ತಿದ್ದೆಲ್ಲಾ ಅದಾ ಸೊಪ್ಪು."

"ಹಂಗಾರ ಕೀಳುವಾಗಾ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ನೀ ಮಾತಾಡಂಗಿಲ್ಲ, ನಿನ್ನ ಮಾತಾಡ್ಸಂಗಿಲ್ಲ. ಅದಕ್ಕಾ ಮಕ ತಿರುಗಿಸಿ ನಿಂತೆ."

ಇನ್ನೂ ಬಯ್ಯಲು ಎದ್ದಿದ್ದ ಮುದುಕಿ ಅಲ್ಲೇ ಕುಸಿದು ಕೂತಳು. ಇಷ್ಟು ವರ್ಷ ಎಷ್ಟೋ ಮಂದಿಯ ಬಾಯಿಗೆ ಲೋಟ ಹಿಡಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಹೋದ ಐತವಾರ ರೂಪನಗುಡಿಯಿಂದ ಒಬ್ಬ ಬಾಣಂತಿ ಬಂದು ಮದ್ದು ಕುಡದು ಹೋದ್ಳು," ಎಂದಳು ಕಡೆಗೆ, ಯಾರ ಮುಖವನ್ನೂ ನೋಡದೆ. "ಅಕಿ ಸೊಪ್ಪು ನಿನ್ನ ಬಾಜೂ ಹೊಲದ ಚಂದ್ರಣ್ಣನ ಬದುವಿನಾಗ ಕಿತ್ತೆ. ಅವನೂ ಹಿಂಗಾ ಮಕ ತಿರುಗಿಸಿ ನಿಂತಿದ್ದ. ಬೆನ್ನ ಮ್ಯಾಲೆ ಪಂಪ್ ಇತ್ತು."