ತೊಂಬತ್ತೊಂಬತ್ತು

ಬಚ್ಚಲುಮನೆಯಲ್ಲಿ ಬಿದ್ದಿದ್ದ ಮಗಳು ತನ್ಮಯಿಯನ್ನು ಸೋಫಾದ ಮೇಲೆ ಮಲಗಿಸಿ, ನಚಿಕೇತ ಅವಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. ಕೂಗು ಕೇಳಿ ಬಂದಿದ್ದ ಎದುರುಮನೆಯ ಚೂಡಾಮಣಿಯವರಿಗೆ ಅದನ್ನು ತೋರಿಸಿದ. ಅವರು ಜಯನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು.

“ನೋಡಿ ಮೇಡಂ, ಆಕ್ಸಿಜನ್ ನೈಂಟಿ ನೈನ್ ಇದೆ. ತಲೆ ಸುತ್ತಿರಬೇಕು ಅಷ್ಟೆ. ಸ್ವಲ್ಪ ಮಲಗಿದ್ರೆ ಸರಿಹೋಗ್ತಾಳೆ.”

ಚೂಡಾಮಣಿ ಅಂಕಿಯನ್ನು ನೋಡಲಿಲ್ಲ. ಹುಡುಗಿಯ ಕೆನ್ನೆ ತಟ್ಟಿದರು. ಅವಳು ಕಣ್ಣು ತೆರೆಯಲಿಲ್ಲ.

“ಸ್ನಾನಕ್ಕೆ ಗ್ಯಾಸ್ ಗೀಸರಾ?”

“ಹೌದು.”

“ಕಿಟಕಿ ತೆಗೆದಿತ್ತಾ?”

“ಇಲ್ಲ. ಚಳಿ ಅಂತ ನಾನೇ ರಟ್ಟು ಅಂಟಿಸಿದ್ದೆ.”

“ರಕ್ತದಲ್ಲಿ ಆಕ್ಸಿಜನ್ ಕೂರೋ ಜಾಗದಲ್ಲಿ ಗೀಸರಿನ ವಿಷಗಾಳಿ ಕೂತಿದೆ ಕಣಪ್ಪ. ಒಂದ್ಸಲ ಕೂತ್ರೆ ಸುಲಭಕ್ಕೆ ಏಳಲ್ಲ. ಈ ಮಿಷನ್ನಿಗೆ ಎರಡೂ ಒಂದೇ ಥರ ಕಾಣುತ್ತೆ. ಕಾರ್ ತೆಗಿ, ಆಸ್ಪತ್ರೆಗೆ ಹೋಗ್ಬೇಕು.”

ನಚಿಕೇತ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಅವಳ ಬೆರಳಲ್ಲೇ ಉಳಿದಿದ್ದ ಆಕ್ಸಿಮೀಟರ್ ಒಂದೊಂದು ಮೆಟ್ಟಿಲಿಗೂ ಅವನ ಎದೆಗೆ ತಾಗುತ್ತಿತ್ತು. ಕೊನೆಯ ಮೆಟ್ಟಿಲಲ್ಲಿ ಅವನು ಬಗ್ಗಿ ನೋಡಿದ. ಅದೀಗ ನೂರು ತೋರಿಸುತ್ತಿತ್ತು.