ಎಜೆನಿಯ ಆಮೆಗೆ ಒಂದು ಬುಟ್ಟಿ ಸೊಪ್ಪು

"ಇದರಲ್ಲಿ ಕೊಲ್ಲೋದು ಯಾವುದು, ಕಾಯೋದು ಯಾವುದು?"

ಎಜೆನಿಯ ಹಿತ್ತಲಿನ ಕಳೆಯ ನಡುವೆ ಮಂಡಿಯೂರಿ ಕೂತ ದೊನಾತ್ ಹೀಗೆ ಕೇಳಿದಾಗ ಉತ್ತರ ಹೇಳಲು ಹತ್ತಿರ ಯಾರೂ ಇರಲಿಲ್ಲ. ಮೋಟುಗೋಡೆಯ ಆಚೆ ಆಮೆಯೊಂದೇ ಕತ್ತು ಚಾಚಿ ನಿಂತಿತ್ತು, ಮಗುಚಿ ಹಾಕಿದ ಸಣ್ಣ ದೋಣಿಯಂಥ ಬೆನ್ನು ಹೊತ್ತು.

ದೊನಾತ್ ದೋಣಿ ಕಟ್ಟುವ ಬಡಗಿ, ಹೆಂಡತಿ ತೀರಿಕೊಂಡವನು. ಮೂರು ವಾರದ ಹಿಂದೆ ಎಜೆನಿಯ ಜಗಲಿಯಲ್ಲಿ ಟೋಪಿ ತೆಗೆದು ನಿಂತು, ನನ್ನನ್ನು ಮದುವೆಯಾಗ್ತೀರಾ ಎಂದು ಕೇಳಿದ್ದ. ಇಬ್ಬರಿಗೂ ಅರವತ್ತು ದಾಟಿತ್ತು. ಅವಳು ಒಮ್ಮೆಯೂ ಮದುವೆಯಾಗಿರಲಿಲ್ಲ. "ನನ್ನ ಆಮೆಗೆ ಒಂದು ಬುಟ್ಟಿ ಸೊಪ್ಪು ಕಿತ್ತು ತನ್ನಿ. ವಿಷದ್ದು ಒಂದೆಲೆ ಸೇರಿರಬಾರದು, ಅದಕ್ಕೆ ಬೇಕಾದ್ದು ಒಂದೆಲೆ ಬಿಟ್ಟಿರಬಾರದು. ಮೂರು ಭಾನುವಾರ ಕೊಡ್ತೀನಿ. ನಾಲ್ಕನೇದು ಇಲ್ಲ" ಎಂದಿದ್ದಳು ಅವಳು.

ಮೊದಲ ಭಾನುವಾರ ಬುಟ್ಟಿಯಲ್ಲಿ ವಿಷದ ಲಂಟಾನದ ಚಿಗುರು ಸಿಕ್ಕಿತು. ಎರಡನೆಯ ಭಾನುವಾರ, ಮುರಿದರೆ ಹಾಲು ಬರುವುದನ್ನೆಲ್ಲ ಅವನು ದೂರ ಎಸೆದಿದ್ದ. ಮರ ಕಡಿಯುವಾಗ ಹಾಲು ಸಿಡಿದು ಕಣ್ಣು ಊದಿಸಿಕೊಂಡು ಮಲಗದ ದೋಣಿ ಬಡಗಿ ಈ ದ್ವೀಪದಲ್ಲೇ ಇಲ್ಲ. ಹಾಲಿದ್ದರೆ ಹುಷಾರು ಎಂಬುದು ಅವರ ಕೈಗೆ ಮೊದಲು ಬರುವ ಪಾಠ. ಎಸೆದ ರಾಶಿಯಲ್ಲಿ ಆಮೆಗೆ ಪ್ರಾಣವಾದ ಕಾಡು ಹಕ್ಕರಿಕೆಯೂ ಹೋಗಿತ್ತು. ಇವತ್ತು ಮೂರನೆಯದು.

ಎಜೆನಿಯ ತಾಯಿ ಮಗಳಿಗೆ ಕಳೆಗಳ ಹೆಸರನ್ನು ಸಂತರ ನಾಮಾವಳಿಯ ಧಾಟಿಯಲ್ಲಿ ಕಲಿಸಿದ್ದಳು. ಎಜೆನಿ ಅದನ್ನೇ ಅವನಿಗೆ ಹೇಳಿಕೊಟ್ಟಿದ್ದಳು. ಇಗರ್ಜಿಗೆ ಹಾಕಿಕೊಂಡ ಬಿಳಿ ಅಂಗಿಯಲ್ಲೇ ಕೂತು ಅವನು ಗುನುಗುತ್ತಿದ್ದ: ಗೋಣಿಸೊಪ್ಪೇ, ಒಳಗೆ ಬಾ. ಕೊಮ್ಮೆಸೊಪ್ಪೇ, ಒಳಗೆ ಬಾ. ಗರಿಕೆಯೇ, ಒಳಗೆ ಬಾ. ಕಣಗಿಲೆಯೇ, ಆಚೆ ಇರು. ಹರಳೆಲೆಯೇ, ಆಚೆ ಇರು.

"ಲೇ ದೊನಾತ್, ಸೊಪ್ಪು ಕೀಳ್ತಿದೀಯೋ ಜಪ ಮಾಡ್ತಿದೀಯೋ?" ಜಗಲಿಯಲ್ಲಿ ಮಜ್ಜಿಗೆಹುಲ್ಲಿನ ಚಹಾ ಹೀರುತ್ತಿದ್ದ ಅವನ ಅಕ್ಕ ಕ್ಲೆಮಾನ್ಸ್ ಕೂಗಿದಳು.

"ಎರಡೂ, ಅಕ್ಕ."

"ಕಟ್ಕೊಂಡ ಹೆಂಡ್ತಿಗೆ ಒಂದು ಹೂ ಕಿತ್ತು ಕೊಟ್ಟೋನಲ್ಲ. ಆಮೆಗೆ ನೋಡು ಸೇವೆ!"

ಬುಟ್ಟಿ ತುಂಬಿತು. ಎಜೆನಿ ಒಳಗಿಂದ ಬಂದಳು, ಆದರೆ ಬುಟ್ಟಿಯ ಕಡೆ ಕಣ್ಣು ಹಾಯಿಸಲಿಲ್ಲ.

"ಅದು ಆಮೇಲೆ, ಮೇಸ್ತ್ರಿ. ಏನೇನು ಎಸೆದಿದ್ದೀರಿ, ಮೊದಲು ಅದನ್ನ ತೋರಿಸಿ."

ಎಸೆದ ರಾಶಿಯನ್ನು ನೆಲದ ಮೇಲೆ ಹರಡಿ ಒಂದೊಂದೇ ಎಲೆ ತಿರುವಿದಳು. ಲಂಟಾನ ಇತ್ತು. ಹರಳು ಇತ್ತು. ನೆಲಕ್ಕೊರಗಿ ಬೆಳೆಯುವ ಅಚ್ಚೆಗಿಡ ಇತ್ತು. ಹಕ್ಕರಿಕೆ ಇರಲಿಲ್ಲ. ಬುಟ್ಟಿಗೆ ಕೈ ಹಾಕಿದಳು. ತಳದಲ್ಲಿ, ಬಾಡದಂತೆ ಬಾಳೆಲೆಯಲ್ಲಿ ಸುತ್ತಿಟ್ಟ ಹಕ್ಕರಿಕೆ ಒಂದು ಹಿಡಿ ಸಿಕ್ಕಿತು.

"ಇದನ್ನ ಮುರಿದ್ರೂ ಹಾಲು, ಅಚ್ಚೆಗಿಡ ಮುರಿದ್ರೂ ಹಾಲು. ಇದು ಒಳಗೆ, ಅದು ಆಚೆ. ಅದೃಷ್ಟವೋ?"

"ಅದೃಷ್ಟ ನಂಬ್ಕೊಂಡು ಯಾರಾದ್ರೂ ದೋಣಿ ಕಟ್ತಾರಾ?" ದೊನಾತ್ ಒಂದು ದಂಟು ಎತ್ತಿ ಹೆಬ್ಬೆರಳಿನ ಉಗುರಿನಿಂದ ಸೀಳಿದ. "ನೋಡಿ, ಇದರ ಒಳಗೆ ಟೊಳ್ಳು, ಕೊಳವೆ ಇದ್ದ ಹಾಗೆ. ಎಲೆಯ ಅಂಚು ನನ್ನ ಗರಗಸ. ಆ ಇನ್ನೊಂದರ ದಂಟು ಕೆಂಪು ದಾರ, ಮೈತುಂಬ ರೋಮ. ಹಾಲು ನೋಡಿದ್ರೆ ಇಬ್ರೂ ಅಣ್ಣತಮ್ಮ. ಮೈ ನೋಡಿದ್ರೆ ಸಂಬಂಧವೇ ಇಲ್ಲ."

ಎಜೆನಿ ತಾನೇ ಇನ್ನೊಂದು ದಂಟು ಮುರಿದು ಕಣ್ಣಿಗೆ ಹಿಡಿದಳು. ಕೊಳವೆಯ ಆ ತುದಿಯಲ್ಲಿ ಸಾಸಿವೆಯಷ್ಟು ಆಕಾಶ ಕಂಡಿತು. ಇಷ್ಟು ವರ್ಷ ಎಲೆ ನೋಡಿ ಕಿತ್ತವಳು, ಒಳಗೆ ಇಣುಕಿರಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತಳು. ಪಕ್ಕದ ಮನೆಗೂ ಕೇಳಿಸುವಂತೆ ಹೇಳಿದಳು:

"ಕೇಳಿಸ್ತಾ, ಕ್ಲೆಮಾನ್ಸಕ್ಕ? ನಮ್ಮಮ್ಮನ ನಾಮಾವಳಿಗೆ ನಿಮ್ಮ ತಮ್ಮ ಒಂದು ಸಾಲು ಸೇರಿಸಿದ್ರು!"

ದೊನಾತ್ ಕಿವಿಯವರೆಗೂ ಕೆಂಪಾದ. ಅವನು ನೀರಿಗಿಳಿಸಿದ ಯಾವ ದೋಣಿಯನ್ನೂ ಯಾರೂ ಅಷ್ಟು ಜೋರಾಗಿ ಹೊಗಳಿರಲಿಲ್ಲ.

"ಅಂದ್ಮೇಲೆ ಮದುವೆ ಆದ ಹಾಗೇ!" ಕ್ಲೆಮಾನ್ಸ್ ಲೋಟ ಕೆಳಗಿಟ್ಟು ಎದ್ದು ಬಂದಳು. "ಗುರುವಾರ ಎತ್ತಿನ ಗಾಡಿ ಕಳಿಸ್ತೀನಿ ಎಜೆನಿ. ಆ ಆಮೆ ಎತ್ತೋಕೆ ಆರು ಜನ ಬೇಕು. ಇಡೀ ಊರಿಗೆ ಆಗೋಷ್ಟು ಸಾರು! ಅರವತ್ತು ವರ್ಷದಿಂದ ಬಾಯಲ್ಲಿ ನೀರಿಟ್ಕೊಂಡು ಕೂತಿದೀವಿ ಕಣಮ್ಮ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಣ್ಣು ಹುಟ್ಟಿದ ಮನೆಗೆ ಒಂದು ಆಮೆಮರಿ ತರುವುದು, ಅವಳ ಮದುವೆಯ ದಿನ ಅದನ್ನು ಗಂಡಿನ ಕಡೆಯವರ ಒಲೆಗೆ ಕಳಿಸುವುದು ಹಿಂದಿನಿಂದ ಬಂದ ಪದ್ಧತಿ. ಈ ಆಮೆಯನ್ನೂ ಎಜೆನಿ ಹುಟ್ಟಿದ ದಿನ ಅವಳಪ್ಪ ಅಂಗೈಯಲ್ಲಿಟ್ಟುಕೊಂಡು ತಂದಿದ್ದ. ಮದುವೆ ಆಗಲಿಲ್ಲ, ಆಮೆ ಬೆಳೆಯುತ್ತ ಹೋಯಿತು.

ಎಜೆನಿ ಕ್ಲೆಮಾನ್ಸಳ ಮುಖ ನೋಡಲಿಲ್ಲ. ದೊನಾತ್‌ನನ್ನೇ ನೋಡುತ್ತ ನಿಂತಳು.

ಅವನು ಗೋಡೆಯ ಮೇಲೆ ಕೂತು ಆಮೆಯ ಬಾಯಿಗೆ ಹಕ್ಕರಿಕೆ ಹಿಡಿದಿದ್ದ. ಅದು ಕಣ್ಣು ಮುಚ್ಚಿ ಜಗ್ಗುತ್ತಿತ್ತು. ಬಿಳಿ ಅಂಗಿಯ ತೋಳಿನ ಮೇಲೆ ಹಾಲು ಹನಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

"ನೀನೇ ಹೇಳೋ ದೊನಾತ್," ಅಂದಳು ಅಕ್ಕ. "ನಮ್ಮ ಕಡೆಯೋರ ಹಕ್ಕು ಅದು. ಕೊಡಿಸು."

ಆಮೆ ಕೊನೆಯ ಎಲೆ ನುಂಗುವವರೆಗೂ ಅವನು ದಂಟು ಹಿಡಿದೇ ಇದ್ದ.

"ಕೊಡಲ್ಲ ಅಕ್ಕ. ಗಾಡಿ ಕಳಿಸ್ಬೇಡ."