ಅವರೆಕಾಳಿನ ನಾಲ್ಕು ನಿಮಿಷ

ಸಿನಿಮಾದಲ್ಲಿ ತಾಯಿಯೊಬ್ಬಳು ಮಾತಿಲ್ಲದೆ ಅವರೆಕಾಳು ಹಿಸುಕುವ ದೃಶ್ಯ ನಾಲ್ಕು ನಿಮಿಷವಿತ್ತು. ನಡುವೆ ಎಲ್ಲೂ ಕತ್ತರಿ ಬಿದ್ದಿರಲಿಲ್ಲ.

"ವಿದೇಶದೋರು ಇದನ್ನ ತಡ್ಕೊಳಲ್ಲ ವಾರಿಜಾ. ಅವರಿಗೆ ಮೂರು ಸೆಕೆಂಡಿಗೊಂದು ಕಟ್ ಬೇಕು," ಎಂದು ನಿರ್ದೇಶಕ ಚೆಲುವಯ್ಯ ಗೋಗರೆದಿದ್ದ.

"ಆ ತಾಯಿ ಜೊತೆ ಕೂತ್ಕೊಳೋಕೆ ನಾಲ್ಕು ನಿಮಿಷ ಬೇಕೇ ಬೇಕು," ಎಂದು ಸಂಕಲನ ಮಾಡುತ್ತಿದ್ದ ವಾರಿಜಾ ಜಗ್ಗಿರಲಿಲ್ಲ.

ಇಂದು, ಚಿತ್ರೋತ್ಸವಕ್ಕೆ ಸಿನಿಮಾ ಆರಿಸಲು ಬಂದಿದ್ದ ಅಮೆರಿಕದವನು ಆ ದೃಶ್ಯದ ಮೂರನೇ ನಿಮಿಷಕ್ಕೇ ಎದ್ದು ಹೊರನಡೆದ. ಏಳು ವರ್ಷದ ದುಡಿಮೆ ಮಣ್ಣುಪಾಲಾಯಿತೆಂದು ಚೆಲುವಯ್ಯ ಅವನ ಹಿಂದೆಯೇ ಓಡಿದ.

"ಸರ್, ನಿಲ್ಲಿ! ಅದನ್ನ ಈಗಲೇ ಕತ್ತರಿಸಿಬಿಡ್ತೀನಿ!"

ಆತ ಗೋಡೆಗೆ ಮುಖಮಾಡಿ, ಫೋನಿನಲ್ಲಿ ತನ್ನ ತಾಯಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: "ಏನಿಲ್ಲಮ್ಮಾ, ಸುಮ್ಮನೆ ಫೋನ್ ಮಾಡಿದೆ."